ಶಾಲೆಗೆ ಸಂಗೀತ ಶಿಕ್ಷಕರಾಗುವವರಿಗೆ: ಓದುಗರ ಪ್ರಶ್ನೆ, ಬಲ್ಲವರ ಉತ್ತರ

ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಓದುಗರು ಕಳಿಸಿದ ಪತ್ರಗಳಲ್ಲಿ ಈ ಸಲ ಒಂದೇ ವಿಷಯ ಮತ್ತೆ ಮತ್ತೆ ಬಂದಿದೆ. ಹಾಡಲು ಬರುತ್ತದೆ, ಒಂದೆರಡು ಪರೀಕ್ಷೆಯೂ ಪಾಸಾಗಿದೆ, ಶಾಲೆಯಲ್ಲಿ ಸಂಗೀತ ಕಲಿಸುವ ಕೆಲಸಕ್ಕೆ ಹೇಗೆ ತಯಾರಾಗಬೇಕು ಎಂಬುದು. ಪ್ರಮಾಣಪತ್ರದ ವಿಚಾರವನ್ನು ಮೊದಲು ಮುಗಿಸಿ, ತರಗತಿಯೊಳಗಿನ ಕೆಲಸಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇವೆ. ವೇದಿಕೆಯ ಮೇಲೆ ಚೆನ್ನಾಗಿ ಹಾಡುವ ಎಷ್ಟೋ ಮಂದಿ ಶಾಲೆಯಲ್ಲಿ ತಡವರಿಸುವುದು ಅಲ್ಲಿಯೇ.

ಪ್ರಶ್ನೆ: ನನ್ನ ಮಗಳು ಬಿ.ಎ. ಎರಡನೇ ವರ್ಷದಲ್ಲಿದ್ದಾಳೆ. ಹಿಂದೂಸ್ತಾನಿ ಗಾಯನದಲ್ಲಿ ಜೂನಿಯರ್ ಆಗಿದೆ. ಮುಂದೆ ಸೀನಿಯರ್, ವಿದ್ವತ್ ಮಾಡಿಸಬೇಕೋ, ಗಾಂಧರ್ವದ ಪರೀಕ್ಷೆ ಕಟ್ಟಿಸಬೇಕೋ, ಸಂಗೀತದಲ್ಲೇ ಪದವಿ ಮಾಡಿಸಬೇಕೋ? – ಹೊನ್ನಾಳಿಯ ಓದುಗರು

ಮೂರೂ ದಾರಿಗಳು ತಲುಪುವ ಜಾಗ ಒಂದೇ ಅಲ್ಲ. ಆದ್ದರಿಂದ ಯಾವ ಶಾಲೆಯ ಕೆಲಸ ಬೇಕು ಎಂಬುದನ್ನು ಮೊದಲು ಯೋಚಿಸಿ, ಆಮೇಲೆ ಪರೀಕ್ಷೆ ಆರಿಸಿಕೊಳ್ಳಿ.

ಜೂನಿಯರ್, ಸೀನಿಯರ್, ವಿದ್ವತ್ ಪೂರ್ವ, ವಿದ್ವತ್ ಅಂತಿಮ ಇವು ನಮ್ಮ ರಾಜ್ಯದ ಸರಣಿ. ಮೊದಲು ಪ್ರೌಢಶಿಕ್ಷಣ ಪರೀಕ್ಷಾ ಮಂಡಳಿ ನಡೆಸುತ್ತಿದ್ದ ಈ ಪರೀಕ್ಷೆಗಳು ಆಮೇಲೆ ಮೈಸೂರಿನ ಡಾ. ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದ ಹೊಣೆಗೆ ಬಂದವು. ಶಾಸ್ತ್ರ ಮತ್ತು ಪ್ರಾಯೋಗಿಕ ಎರಡೂ ಇರುತ್ತವೆ. ನಮ್ಮ ಕಡೆಯ ಖಾಸಗಿ ಶಾಲೆಗಳು ಸಂಗೀತ ಶಿಕ್ಷಕರನ್ನು ತೆಗೆದುಕೊಳ್ಳುವಾಗ ಸಾಮಾನ್ಯವಾಗಿ ಕೇಳುವುದು ಸೀನಿಯರ್ ಅಥವಾ ವಿದ್ವತ್ ಆಗಿದೆಯೇ ಎಂದು.

ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಲದ ಸರಣಿ ಇನ್ನೊಂದು: ಪ್ರಾರಂಭಿಕ, ಪ್ರವೇಶಿಕಾ, ಮಧ್ಯಮಾ, ವಿಶಾರದ, ಅಲಂಕಾರ. ಹಿಂದೂಸ್ತಾನಿ ಕಲಿಯುತ್ತಿರುವವರಿಗೆ ಇದರಲ್ಲಿ ಒಂದು ಅನುಕೂಲವಿದೆ. ನವೋದಯ ವಿದ್ಯಾಲಯಗಳ ಸಂಗೀತ ಶಿಕ್ಷಕರ ಹುದ್ದೆಗೆ ಬಂದ ಅಧಿಸೂಚನೆಗಳಲ್ಲಿ, ಪಿಯುಸಿ ಜೊತೆಗೆ ಸಂಗೀತ ವಿಶಾರದ ಆದವರಿಗೂ ಅವಕಾಶ ಕೊಟ್ಟದ್ದಿದೆ. ದಾವಣಗೆರೆ ಜಿಲ್ಲೆಯ ನವೋದಯ ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ, ಚಿತ್ರದುರ್ಗದ್ದು ಹಿರಿಯೂರು ತಾಲ್ಲೂಕಿನ ಉಡವಳ್ಳಿಯಲ್ಲಿ. ಆದರೆ ನೇಮಕ ದೇಶದ ಮಟ್ಟದಲ್ಲಿ ಆಗುತ್ತದೆ. ಮನೆಯ ಹತ್ತಿರದ ಶಾಲೆಯೇ ಸಿಗುತ್ತದೆ ಎಂದುಕೊಳ್ಳಬೇಡಿ.

ಕೇಂದ್ರೀಯ ವಿದ್ಯಾಲಯದಲ್ಲಿ ಪ್ರಾಥಮಿಕ ವಿಭಾಗದ ಸಂಗೀತ ಶಿಕ್ಷಕರಿಗೆ ಪಿಯುಸಿಯಲ್ಲಿ ಶೇ 50 ಅಂಕ, ಸಂಗೀತದಲ್ಲಿ ಪದವಿ ಅಥವಾ ತತ್ಸಮಾನ, ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪಾಠ ಹೇಳುವ ಶಕ್ತಿ ಇವಿಷ್ಟನ್ನು ಕೇಳುತ್ತ ಬಂದಿದ್ದಾರೆ. ವಯೋಮಿತಿ 30; ಮೀಸಲಾತಿಯವರಿಗೂ ಮಹಿಳೆಯರಿಗೂ ಸಡಿಲಿಕೆ ಇದೆ. 'ತತ್ಸಮಾನ' ಎಂಬ ಮಾತನ್ನು ನೆಚ್ಚಿಕೊಂಡು ವಿದ್ವತ್ ಪ್ರಮಾಣಪತ್ರವನ್ನಷ್ಟೇ ಹಿಡಿದು ಅರ್ಜಿ ಹಾಕಿದವರಿಗೆ ದಾಖಲೆ ಪರಿಶೀಲನೆಯ ದಿನ ತೊಂದರೆಯಾಗುತ್ತದೆ. ಸಮಾನ ಎಂದು ತೋರಿಸುವ ಆದೇಶದ ಪ್ರತಿ ನಿಮ್ಮ ಕೈಯಲ್ಲೇ ಇರಬೇಕು.

ನಮ್ಮ ಸಲಹೆ ಹೀಗಿದೆ. ಬಿ.ಎ. ಬಿಡಿಸಬೇಡಿ, ಮುಗಿಸಲಿ. ಅದರ ಜೊತೆಗೇ ಸೀನಿಯರ್ ಕಟ್ಟಲಿ. ಪದವಿ ಮುಗಿದ ಮೇಲೆ ಕೇಂದ್ರ ಸರ್ಕಾರದ ಶಾಲೆಗಳ ಕಡೆ ಮನಸ್ಸಿದ್ದರೆ ಧಾರವಾಡದಲ್ಲೋ ಮೈಸೂರಿನಲ್ಲೋ ಸಂಗೀತದ ಪದವಿಗೆ ಸೇರಲಿ. ಖಾಸಗಿ ಶಾಲೆ ಸಾಕು ಎನ್ನುವುದಾದರೆ ವಿದ್ವತ್ ಪೂರ್ವದವರೆಗೆ ಹೋಗಲಿ. ಬಿ.ಇಡಿ. ಎರಡು ವರ್ಷದ ಕೋರ್ಸು. ಅದರಲ್ಲಿ ಬೋಧನಾ ವಿಷಯವಾಗಿ ಸಿಗುವುದು ಭಾಷೆ, ಸಮಾಜ, ವಿಜ್ಞಾನ, ಗಣಿತಗಳೇ. ಸಂಗೀತ ಕಲಿಸುವ ವಿಧಾನವನ್ನು ಅಲ್ಲಿ ಕಲಿಸುತ್ತಾರೆಂದು ಸೇರಬೇಡಿ. ಆದರೆ ಶಾಲೆಯವರು ಕನ್ನಡದ ಪಾಠವನ್ನೂ ಸಂಗೀತವನ್ನೂ ಒಬ್ಬರಿಗೇ ವಹಿಸುವುದು ನಮ್ಮಲ್ಲಿ ಸಾಮಾನ್ಯ. ಆಗ ಬಿ.ಇಡಿ. ಇರುವವರಿಗೆ ಸಂಬಳವೂ ಹೆಚ್ಚು, ಕೆಲಸವೂ ಭದ್ರ.

ಇನ್ನೊಂದು ವಿಷಯ. ಕೇಂದ್ರೀಯ ವಿದ್ಯಾಲಯಗಳು ಗುತ್ತಿಗೆ ಶಿಕ್ಷಕರಿಗಾಗಿ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್ ಹೊತ್ತಿಗೆ ನೇರ ಸಂದರ್ಶನ ನಡೆಸುತ್ತವೆ. ಅನುಭವಕ್ಕೆ ಅದು ಒಳ್ಳೆಯ ಬಾಗಿಲು. ಆಯಾ ಶಾಲೆಯ ಜಾಲತಾಣವನ್ನು ಜನವರಿಯಿಂದಲೇ ನೋಡುತ್ತಿರಿ.

ಪ್ರಶ್ನೆ: ಖಾಸಗಿ ಶಾಲೆಯಲ್ಲಿ ಸಂಗೀತದ ಮಿಸ್ ಆಗಿ ಈ ವರ್ಷ ಸೇರಿದ್ದೇನೆ. ನನ್ನ ಶ್ರುತಿ ಐದೂವರೆ ಮನೆ. ನಾನು ಹಾಡಿಕೊಟ್ಟರೆ ಮಕ್ಕಳು ಗೊಗ್ಗರು ದನಿಯಲ್ಲಿ ಹಾಡುತ್ತಾರೆ, ಕೆಲವರು ಮಾತಾಡಿದ ಹಾಗೆ ಹೇಳುತ್ತಾರೆ. ಎಷ್ಟು ತಿದ್ದಿದರೂ ಅಷ್ಟೇ. – ಹರಿಹರದ ಓದುಗರು

ತಿದ್ದಬೇಕಾದ್ದು ಮಕ್ಕಳನ್ನಲ್ಲ, ಶ್ರುತಿಯನ್ನು, ಅಂದರೆ ಷಡ್ಜ (ಸ) ಇಟ್ಟುಕೊಳ್ಳುವ ಎತ್ತರವನ್ನು. ಹೊಸದಾಗಿ ಶಾಲೆಗೆ ಸೇರಿದ ಹತ್ತರಲ್ಲಿ ಎಂಟು ಮಂದಿಯ ತೊಂದರೆ ಇದೇ ಎಂದರೆ ಅತಿಶಯವಲ್ಲ.

ಐದೂವರೆ ಮನೆ ಅಂದರೆ ಪೇಟಿಯಲ್ಲಿ (ಹಾರ್ಮೋನಿಯಂನಲ್ಲಿ) ಕಪ್ಪು ನಾಲ್ಕು; ಪ್ರತಿ ಸಪ್ತಕದಲ್ಲೂ, ಅಂದರೆ ಏಳು ಸ್ವರಗಳ ಒಂದೊಂದು ಸುತ್ತಿನಲ್ಲೂ, ಬಿಳಿ ಮನೆಗಳನ್ನೂ ಕಪ್ಪು ಮನೆಗಳನ್ನೂ ಎಡದಿಂದ ಬೇರೆ ಬೇರೆ ಎಣಿಸುವ ಲೆಕ್ಕ ಇದು. ಹೆಣ್ಣುಮಕ್ಕಳು ಕಚೇರಿ ಹಾಡಲು ಹೇಳಿ ಮಾಡಿಸಿದ ಶ್ರುತಿ ಅದು. ಅಲ್ಲಿ ನಿಮ್ಮ ಷಡ್ಜ ನಡು ಸಪ್ತಕದ ಬಿಳಿ ಒಂದಕ್ಕಿಂತ ನಾಲ್ಕು ಮೆಟ್ಟಿಲು (ಕಪ್ಪು, ಬಿಳಿ ಎಲ್ಲ ಮನೆ ಎಣಿಸಿ) ಕೆಳಗೆ ಬೀಳುತ್ತದೆ, ಮಂದ್ರ ಪಂಚಮ (ಕೆಳಗಿನ ಸಪ್ತಕದ ಪ) ಇನ್ನೂ ಕೆಳಗೆ. ಎಂಟು ವರ್ಷದ ಮಗುವಿನ ಗಂಟಲಲ್ಲಿ ಆ ಸ್ವರಗಳೇ ಇಲ್ಲ. ಇಲ್ಲದ ಸ್ವರವನ್ನು ಕೇಳಿದರೆ ಮಗು ಏನು ಮಾಡೀತು? ಎದೆಯಿಂದ ಗೊಗ್ಗರಿಸುತ್ತದೆ, ಇಲ್ಲವೇ ಸುಮ್ಮನೆ ಓದುತ್ತದೆ.

ಮಕ್ಕಳ ಧ್ವನಿ ಆರಾಮಾಗಿ ಓಡಾಡುವ ಜಾಗವನ್ನು ಪೇಟಿಯ ಮನೆಗಳಲ್ಲಿ ಹೇಳುತ್ತೇವೆ, ಬರೆದಿಟ್ಟುಕೊಳ್ಳಿ. ಒಂದು–ಎರಡನೇ ತರಗತಿಗೆ ನಡು ಸಪ್ತಕದ ಬಿಳಿ ಎರಡರಿಂದ ಬಿಳಿ ಆರರವರೆಗೆ, ಐದು ಸ್ವರ. ಮೂರರಿಂದ ಐದನೇ ತರಗತಿಗೆ ಬಿಳಿ ಒಂದರಿಂದ ಮೇಲಿನ ಸಪ್ತಕದ ಬಿಳಿ ಒಂದರವರೆಗೆ. ಆರು–ಏಳನೇ ತರಗತಿಗೆ ಮೇಲೆ ಇನ್ನೊಂದು ಮನೆ, ಕೆಳಗೆ ಇನ್ನೊಂದು ಮನೆ ಸೇರಿಸಬಹುದು.

ಈಗ ಹಾಡನ್ನು ಕೈಗೆತ್ತಿಕೊಳ್ಳಿ. ಅದರ ಅತಿ ಕೆಳಗಿನ ಸ್ವರ ಯಾವುದು, ಅತಿ ಮೇಲಿನದು ಯಾವುದು ಎಂದು ಹುಡುಕಿ. ಕೆಳಗಿನದು ಬಿಳಿ ಒಂದಕ್ಕಿಂತ ಇಳಿಯದಂತೆ, ಮೇಲಿನದು ಮೇಲಿನ ಬಿಳಿ ಎರಡನ್ನು ದಾಟದಂತೆ ಷಡ್ಜವನ್ನು ಕೂರಿಸಿ. ಹಾಡು ಷಡ್ಜದಿಂದ ತಾರ ಷಡ್ಜದವರೆಗೆ (ಮೇಲಿನ ಸಪ್ತಕದ ಸ) ಹೋಗುವುದಾದರೆ ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು ಇವುಗಳಲ್ಲಿ ಯಾವುದಾದರೂ ಸರಿ. ಹಾಡು ಮಂದ್ರ ಪಂಚಮಕ್ಕೆ ಇಳಿದು ಮಧ್ಯ ಪಂಚಮಕ್ಕೇ ನಿಲ್ಲುವುದಾದರೆ ಬಿಳಿ ನಾಲ್ಕನ್ನು ಷಡ್ಜ ಮಾಡಿಕೊಳ್ಳಿ. ಆಗ ಮಂದ್ರ ಪಂಚಮ ಬಿಳಿ ಒಂದರ ಮೇಲೆ ಬಂದು ಕೂರುತ್ತದೆ. ಕರ್ನಾಟಕ ಸಂಗೀತದಲ್ಲಿ ಮಧ್ಯಮ ಶ್ರುತಿ ಮಾಡಿಕೊಳ್ಳುವ, ಅಂದರೆ ಮಧ್ಯಮವನ್ನೇ (ಮ) ಷಡ್ಜವೆಂದು ಹಿಡಿಯುವ ಲೆಕ್ಕವೇ ಇದು. ಮಂದ್ರ ಪಂಚಮದಿಂದ ತಾರ ಷಡ್ಜ ದಾಟಿ ಹೋಗುವ ಹಾಡಾದರೆ? ಅದು ಮಕ್ಕಳ ಹಾಡಲ್ಲ. ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ.

ರಾಷ್ಟ್ರಗೀತೆಗೂ ಇದೇ ಲೆಕ್ಕ. ಅದು ಮಂದ್ರ ನಿಷಾದದಿಂದ (ಕೆಳಗಿನ ನಿ) ತಾರ ಷಡ್ಜದವರೆಗೆ ಹೋಗುತ್ತದೆ. ಕಪ್ಪು ಒಂದರಲ್ಲಿ ಎತ್ತಿದರೆ ಪ್ರಾಥಮಿಕದ ಮಕ್ಕಳೂ ಪ್ರೌಢಶಾಲೆಯವರೂ ಒಟ್ಟಿಗೆ ಹಾಡಬಹುದು. ಬೆಳಗಿನ ಪ್ರಾರ್ಥನೆಯಲ್ಲಿ ಶ್ರುತಿಯೇ ಕೊಡದೆ ಯಾರೋ ಒಬ್ಬರು ಎತ್ತಿಬಿಡುತ್ತಾರೆ, 'ಜಯ ಹೇ' ಬರುವ ಹೊತ್ತಿಗೆ ಅರ್ಧ ಶಾಲೆ ಕಿರುಚುತ್ತಿರುತ್ತದೆ. ಸಂಗೀತ ಶಿಕ್ಷಕರು ಶಾಲೆಗೆ ಸೇರಿದ ಮೊದಲ ವಾರ ಸರಿಪಡಿಸಬೇಕಾದ್ದು ಇದನ್ನು. ರಾಷ್ಟ್ರಗೀತೆಗೆ 52 ಸೆಕೆಂಡು. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ 2022ರಲ್ಲಿ ಗೊತ್ತುಮಾಡಿದೆ. ಗಡಿಯಾರ ಇಟ್ಟುಕೊಂಡೇ ಅಭ್ಯಾಸ ಮಾಡಿಸಿ.

ಗಂಡಸರು ಕಲಿಸುವಾಗ ಇನ್ನೊಂದು ತೊಡಕು ಬರುತ್ತದೆ. ಅವರ ದನಿ ಮಕ್ಕಳಿಗಿಂತ ಒಂದು ಸಪ್ತಕ ಕೆಳಗೆ. ದೊಡ್ಡ ಮಕ್ಕಳು ತಾವಾಗಿಯೇ ಮೇಲಿನ ಸಪ್ತಕಕ್ಕೆ ಹೋಗುತ್ತಾರೆ, ಒಂದು–ಎರಡನೇ ತರಗತಿಯವರಿಗೆ ಗೊತ್ತಾಗುವುದಿಲ್ಲ. ಸಾಲನ್ನು ಪೇಟಿಯಲ್ಲಿ ಮಕ್ಕಳ ಸಪ್ತಕದಲ್ಲೇ ಒಮ್ಮೆ ನುಡಿಸಿ ತೋರಿಸಿ, ಅಥವಾ ಸ್ವರ ಸರಿಯಿರುವ ಒಂದು ಮಗುವಿನಿಂದ ಹಾಡಿಸಿ, ಆಮೇಲೆ ಉಳಿದವರಿಂದ ಹೇಳಿಸಿ.

ಪ್ರಶ್ನೆ: ತರಗತಿಯಲ್ಲಿ 55 ಮಕ್ಕಳು. ವಾರಕ್ಕೆ 40 ನಿಮಿಷದ ಒಂದೇ ಪಿರಿಯಡ್. ವಾದ್ಯವೂ ಇಲ್ಲ. ಸರಳೆ, ಜಂಟಿ ಎಂಬ ಮೊದಲ ಸ್ವರಾಭ್ಯಾಸಗಳಿಂದ ಶುರು ಮಾಡಿದೆ, ಮೂರನೇ ವಾರಕ್ಕೆ ಮಕ್ಕಳಿಗೆ ಬೇಸರ ಬಂತು. – ಚಳ್ಳಕೆರೆಯ ಓದುಗರು

ಬೇಸರ ಬರುವುದು ಸಹಜ. ಮಾಯಾಮಾಳವಗೌಳ ರಾಗದಲ್ಲಿ ಸರಳೆ ವರಸೆಯಿಂದ ಪಾಠ ಶುರು ಮಾಡುವ ಪುರಂದರದಾಸರ ಕ್ರಮ ಗುರುವಿನ ಎದುರು ದಿನಾ ಕೂತು ಕಲಿಯುವವರಿಗೆ ಸರಿಯಾದದ್ದು. ವಾರಕ್ಕೊಮ್ಮೆ, ಅದೂ 55 ಮಂದಿಗೆ, ಅದನ್ನೇ ಹಿಡಿದರೆ ಸಿಗುವ ಫಲ ಕಡಿಮೆ. ಪರೀಕ್ಷೆ, ರಜೆ, ಕಾರ್ಯಕ್ರಮ ಎಲ್ಲ ಕಳೆದರೆ ವರ್ಷಕ್ಕೆ 25ರಿಂದ 30 ಪಿರಿಯಡ್ ನಿಮ್ಮ ಕೈಗೆ ಸಿಗುತ್ತವೆ. ಅಷ್ಟರಲ್ಲಿ ಆರೇಳು ಹಾಡು ಶ್ರುತಿಯಲ್ಲಿ, ತಾಳದಲ್ಲಿ, ಕೊನೆಯ ಚರಣದವರೆಗೆ ಬಾಯಿಗೆ ಬಂದರೆ ಅದು ಗಟ್ಟಿ ಕೆಲಸ. ಸ್ವರಜ್ಞಾನವನ್ನು ಆ ಹಾಡುಗಳೊಳಗಿಂದಲೇ ಎತ್ತಿಕೊಡಿ.

40 ನಿಮಿಷವನ್ನು ಹೀಗೆ ಹಂಚಿಕೊಳ್ಳಬಹುದು. ಮೊದಲ ಮೂರು ನಿಮಿಷ ಷಡ್ಜ–ಪಂಚಮ–ತಾರ ಷಡ್ಜದಲ್ಲಿ ಅಕಾರ, ಬಾಯಿ ಮುಚ್ಚಿ 'ಮ್' ಕಾರ. ಆಮೇಲೆ ಐದು ನಿಮಿಷ ಲಯ. ಹಳೆಯ ಹಾಡಿಗೆ ಐದು. ಹೊಸ ಹಾಡಿಗೆ ಹದಿನೈದು. ಕೇಳುವುದಕ್ಕೆ ಐದು: ಒಂದು ವಾದ್ಯದ ದನಿ, ಒಂದು ರಾಗದ ತುಣುಕು, ಫೋನಿನಿಂದಲೇ ಆಗಲಿ. ಉಳಿದದ್ದು ಬರುವುದಕ್ಕೆ, ಕೂರುವುದಕ್ಕೆ, ಹೋಗುವುದಕ್ಕೆ. ಆ ಏಳು ನಿಮಿಷವನ್ನು ಲೆಕ್ಕಕ್ಕೆ ಹಿಡಿಯದವರ ಪಾಠ ಯಾವಾಗಲೂ ಅರ್ಧಕ್ಕೆ ನಿಲ್ಲುತ್ತದೆ.

ಹೊಸ ಹಾಡು ಕಲಿಸುವ ಕ್ರಮವನ್ನು ಕೊಂಚ ವಿವರವಾಗಿ ಹೇಳಬೇಕು. ಮೊದಲು ಇಡೀ ಹಾಡನ್ನು ನೀವು ಒಮ್ಮೆ ಹಾಡಿ, ಮಕ್ಕಳು ಕೇಳಲಿ. ಎರಡನೆಯದಾಗಿ, ರಾಗವಿಲ್ಲದೆ ಮಾತನ್ನು ತಾಳಕ್ಕೆ ಹೇಳಿಸಿ. ಉಚ್ಚಾರದ ತಪ್ಪುಗಳೆಲ್ಲ ಇಲ್ಲೇ ಸಿಗುತ್ತವೆ. ಲ-ಳ, ಹ-ಅ, ಅಲ್ಪಪ್ರಾಣ-ಮಹಾಪ್ರಾಣಗಳನ್ನು ಈ ಹಂತದಲ್ಲಿ ತಿದ್ದಿದರೆ ನಿಲ್ಲುತ್ತದೆ, ರಾಗ ಸೇರಿದ ಮೇಲೆ ತಿದ್ದುವುದು ಬಲು ಕಷ್ಟ. ಮೂರನೆಯದಾಗಿ, ಒಂದು ಸಾಲು ನೀವು, ಅದೇ ಸಾಲು ಅವರು. ಒಂದು ಉಸಿರಿನಲ್ಲಿ ಮುಗಿಯುವಷ್ಟೇ ಉದ್ದ ಇರಲಿ. ಎರಡು ಸಾಲು ಬಂದ ಮೇಲೆ ಜೋಡಿಸಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಮಕ್ಕಳು ಹಾಡುವಾಗ ಶಿಕ್ಷಕರೂ ಜೊತೆಗೇ ಹಾಡುತ್ತಾರೆ. ಹಾಗೆ ಹಾಡುವವರಿಗೆ ಕೇಳಿಸುವುದು ಅವರದೇ ದನಿ, ತಪ್ಪು ಎಲ್ಲಿದೆ ಎಂದು ತಿಳಿಯುವುದೇ ಇಲ್ಲ. ಮಕ್ಕಳ ಸರದಿಯಲ್ಲಿ ನೀವು ಬಾಯಿ ಮುಚ್ಚಿ ಸಾಲುಗಳ ನಡುವೆ ನಡೆಯಿರಿ. ಎರಡನೆಯದು, ಪ್ರತಿ ವಾರ ಪಲ್ಲವಿಯಿಂದಲೇ ಶುರು ಮಾಡುವುದು. ಪಲ್ಲವಿ ಇಪ್ಪತ್ತು ಸಲ ಆಗಿರುತ್ತದೆ, ಕೊನೆಯ ಚರಣ ಎರಡು ಸಲ. ವಾರ್ಷಿಕೋತ್ಸವದ ದಿನ ಕೊನೆಯ ಚರಣಕ್ಕೆ ದನಿ ಸೊರಗುವುದು ಇದರಿಂದಲೇ. ಎರಡು ವಾರಕ್ಕೊಮ್ಮೆ ಕೊನೆಯ ಚರಣದಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಲಯಕ್ಕೆ ವಾದ್ಯ ಬೇಕಿಲ್ಲ. ಮೂರಕ್ಕೆ ತಕಿಟ, ನಾಲ್ಕಕ್ಕೆ ತಕಧಿಮಿ, ಐದಕ್ಕೆ ತಕತಕಿಟ, ಏಳಕ್ಕೆ ತಕಿಟತಕಧಿಮಿ. ಬಾಯಲ್ಲಿ ಹೇಳುತ್ತ ಮೊದಲ ಅಕ್ಷರಕ್ಕೆ ಮಾತ್ರ ಚಪ್ಪಾಳೆ ತಟ್ಟಿಸಿ. 55 ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪು ಮೂರು ಹೇಳಲಿ, ಇನ್ನೊಂದು ನಾಲ್ಕು. ಹನ್ನೆರಡನೆಯ ಮಾತ್ರೆ ಮುಗಿದು ಇಬ್ಬರ ಚಪ್ಪಾಳೆಯೂ ಒಟ್ಟಿಗೆ ಬೀಳುತ್ತದೆ. ಬೇಸರ ಎಂದ ಮಕ್ಕಳೇ ಮುಂದಿನ ವಾರ ಇದನ್ನು ಕೇಳಿ ಪಡೆಯುತ್ತಾರೆ. ಭಾವಗೀತೆ, ಭಜನೆಗಳಿಗೆ ಬಳಸುವ ತಾಳಗಳಲ್ಲಿ ದಾದ್ರಾ 6 ಮಾತ್ರೆ, ಕೆಹರವಾ 8 ಮಾತ್ರೆ. ಇವೆರಡರ ಬೋಲುಗಳನ್ನು (ತಬಲಾದ ಪೆಟ್ಟಿನ ಅಕ್ಷರಗಳು) ಮೇಜಿನ ಮೇಲೆ ಬೆರಳಲ್ಲಿ ನುಡಿಸಲು ಕಲಿಸಿದರೆ ತರಗತಿಗೆ ಪಕ್ಕವಾದ್ಯ ಸಿಕ್ಕಿತು.

ಶ್ರುತಿಗೆ ಫೋನಿನ ತಂಬೂರಿ ಆ್ಯಪ್ ಸಾಕು. ಆದರೆ ಫೋನಿನ ಸ್ಪೀಕರಿನಿಂದ ಕೆಳಗಿನ ಸ್ವರ ಹೊರಡುವುದೇ ಇಲ್ಲ, ಹಿಂದಿನ ಬೆಂಚಿಗೆ ಕೇಳಿಸುವುದಿಲ್ಲ. ಚಿಕ್ಕದೊಂದು ಬ್ಲೂಟೂತ್ ಸ್ಪೀಕರನ್ನು ತರಗತಿಯ ನಡುವೆ ಇಡಿ, ಮುಂದೆ ಅಲ್ಲ.

ಪ್ರಶ್ನೆ: ಹಳೆಯ ಹಾರ್ಮೋನಿಯಂ ಒಂದು ಮಾರಾಟಕ್ಕಿದೆ. ಶಾಲೆಗೆ ಕೊಳ್ಳಬೇಕು. ಏನು ನೋಡಬೇಕು? – ಜಗಳೂರಿನ ಓದುಗರು

ಮೊದಲು ತಿದಿ. ಸ್ಟಾಪುಗಳನ್ನೆಲ್ಲ (ಗಾಳಿಯ ದಾರಿ ತೆರೆದು ಮುಚ್ಚುವ ಗುಂಡಿಗಳು) ಒಳಕ್ಕೆ ತಳ್ಳಿ ಮುಚ್ಚಿ, ನಾಲ್ಕೈದು ಸಲ ಗಾಳಿ ತುಂಬಿ ಕೈಬಿಡಿ. ತಿದಿ ತಟ್ಟನೆ ಕುಸಿದರೆ ಎಲ್ಲೋ ಸೋರುತ್ತಿದೆ. ಚರ್ಮದ ಮಡಿಕೆಗಳ ಮೂಲೆಗೆ ಕೆನ್ನೆ ಹಿಡಿದು ನೋಡಿ, ಗಾಳಿ ತಾಗುತ್ತದೆ. ನಮ್ಮ ಕಡೆಯ ಬೇಸಿಗೆಗೆ ಮರ ಒಣಗಿ ಜೋಡಣೆ ಬಿಡುವುದು, ಗೋದಾಮಿನಲ್ಲಿಟ್ಟರೆ ಇಲಿ ಚರ್ಮ ಕಡಿಯುವುದು ಎರಡೂ ಉಂಟು. ಸೋರಿಕೆ ದುರಸ್ತಿಯಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಆಮೇಲೆ ಸ್ಟಾಪು ತೆರೆದು ಯಾವ ಮನೆಯನ್ನೂ ಒತ್ತದೆ ಗಾಳಿ ಹಾಕಿ. ತಾನಾಗಿಯೇ ದನಿ ಬಂದರೆ ಆ ಮನೆಯ ಮುಚ್ಚಳ ಸರಿಯಾಗಿ ಕೂರುತ್ತಿಲ್ಲ. ಸ್ಪ್ರಿಂಗು ಸಡಿಲವಾಗಿರಬಹುದು, ಕಸ ಸಿಕ್ಕಿರಬಹುದು. ಒಂದೊಂದೇ ಮನೆ ಒತ್ತುತ್ತ ಹೋಗಿ. ದನಿ ತಡವಾಗಿ ಹೊರಟರೆ ರೀಡಿನ (ದನಿ ಹೊರಡಿಸುವ ಲೋಹದ ಪಟ್ಟಿ) ಮೇಲೆ ಧೂಳಿದೆ. ಗರಗರ ಎಂದರೆ ರೀಡು ಬಿರುಕು ಬಿಟ್ಟಿರಬಹುದು, ಅದು ಬದಲಾಯಿಸಲೇಬೇಕು.

ಕೊನೆಗೆ ಶ್ರುತಿ. ಫೋನಿನಲ್ಲಿ ಟ್ಯೂನರ್ ಆ್ಯಪ್ ತೆರೆದು ನಡು ಸಪ್ತಕದ ಬಿಳಿ ಆರು ಒತ್ತಿ. 440 ಹರ್ಟ್ಸ್ ಆಸುಪಾಸು ತೋರಿಸಬೇಕು. ಎಲ್ಲ ಮನೆಗಳೂ ಒಂದೇ ಸಮನೆ ಸ್ವಲ್ಪ ಇಳಿದಿದ್ದರೆ ಪರವಾಗಿಲ್ಲ, ಹಾಡಬಹುದು. ಒಂದು ಏರಿ ಒಂದು ಇಳಿದಿದ್ದರೆ ಮಕ್ಕಳ ಕಿವಿ ಕೆಡುತ್ತದೆ. ಶಾಲೆಗೆ ಮೂರೂವರೆ ಸಪ್ತಕದ, ಎರಡು ಸಾಲು ರೀಡಿನ ಸಾಮಾನ್ಯ ಪೇಟಿ ಸಾಕು. ಮನೆಗಳ ಸಾಲನ್ನೇ ಸರಿಸಿ ಶ್ರುತಿ ಬದಲಿಸುವ ಸ್ಕೇಲ್ ಚೇಂಜರ್ ಪೇಟಿ ಬೇಡ. ಭಾರ ಹೆಚ್ಚು, ದುರಸ್ತಿ ಕಷ್ಟ. ಅದಕ್ಕಿಂತ, ಬಿಳಿ ಒಂದು, ಕಪ್ಪು ಒಂದು, ಬಿಳಿ ಎರಡು, ಬಿಳಿ ನಾಲ್ಕು ಈ ನಾಲ್ಕೂ ಷಡ್ಜದಿಂದ ಹಾಡು ನುಡಿಸುವುದನ್ನು ನೀವೇ ರೂಢಿಸಿಕೊಳ್ಳಿ.

ಹಾಡು ಬಂದ ಮೇಲೆ ಪೇಟಿಯಲ್ಲಿ ಧಾಟಿ ನುಡಿಸುವುದನ್ನು ನಿಲ್ಲಿಸಿ ಬರಿಯ ಷಡ್ಜ–ಪಂಚಮ ಹಿಡಿಯಿರಿ. ಧಾಟಿ ಕೇಳಿಸುತ್ತಿರುವಷ್ಟು ದಿನ ಮಕ್ಕಳು ಅದರ ಹಿಂದೆ ಹೋಗುತ್ತಾರೆ, ತಮ್ಮ ಸ್ವರ ತಾವು ಹಿಡಿಯುವುದಿಲ್ಲ.

ಪ್ರಶ್ನೆ: ನಾಲ್ಕನೇ ತರಗತಿಯಲ್ಲಿ ಆರೇಳು ಮಕ್ಕಳಿಗೆ ಸ್ವರವೇ ಸೇರುವುದಿಲ್ಲ. ಕಾರ್ಯಕ್ರಮದ ದಿನ ಸುಮ್ಮನೆ ಬಾಯಿ ಆಡಿಸಿ ಎಂದು ಹೇಳಬಹುದೇ? – ದಾವಣಗೆರೆ, ವಿದ್ಯಾನಗರದ ಓದುಗರು

ದಯವಿಟ್ಟು ಹೇಳಬೇಡಿ. 'ನಿನಗೆ ಹಾಡಲು ಬರಲ್ಲ' ಎಂದು ಒಂಬತ್ತನೇ ವಯಸ್ಸಿನಲ್ಲಿ ಕೇಳಿಸಿಕೊಂಡವರು ಮುಂದೆ ಬಾಯಿ ತೆರೆಯುವುದೇ ಇಲ್ಲ. ಹುಟ್ಟಿನಿಂದಲೇ ಸ್ವರಭೇದ ತಿಳಿಯದವರು ಬಹಳ ಅಪರೂಪ. ನಿಮ್ಮ ತರಗತಿಯ ಆರೇಳು ಮಂದಿಯಲ್ಲಿ ಹೆಚ್ಚಿನವರಿಗೆ ಕಿವಿಗೂ ಗಂಟಲಿಗೂ ಹೊಂದಾಣಿಕೆ ಇನ್ನೂ ಆಗಿಲ್ಲ, ಅಷ್ಟೆ.

ಒಬ್ಬೊಬ್ಬರನ್ನೇ ಹತ್ತಿರ ಕರೆದು, ಮೂರ್ನಾಲ್ಕು ನಿಮಿಷ ಸಾಕು, ಹೀಗೆ ಮಾಡಿ. ಮಗು ತನಗೆ ಬಂದ ಸ್ವರವನ್ನು 'ಊ' ಎಂದು ಹಿಡಿಯಲಿ. ಆ ಸ್ವರಕ್ಕೆ ನೀವು ಹೋಗಿ ಸೇರಿಕೊಳ್ಳಿ. ಎರಡು ದನಿ ಒಂದಾದಾಗ ಹೇಗೆ ಕೇಳಿಸುತ್ತದೆ ಎಂಬುದು ಮಗುವಿಗೆ ಮೊದಲ ಸಲ ಗೊತ್ತಾಗುವುದು ಆಗಲೇ. ಅಲ್ಲಿಂದ ಒಂದೇ ಒಂದು ಸ್ವರ ಮೇಲೆ ಹೋಗಿ, ಮಗು ಬರಲಿ. ಬರದಿದ್ದರೆ ಹೊಲದ ಆಚೆ ಇರುವವರನ್ನು 'ಕೂ' ಎಂದು ಕರೆಯುವಂತೆ ಕರೆಯಲು ಹೇಳಿ; ಮಾತಿನ ದನಿಯಿಂದ ಹಾಡಿನ ದನಿಗೆ ಗಂಟಲು ತಾನಾಗಿ ಏರುತ್ತದೆ. ಮಾತಾಡಿದಂತೆ ಹಾಡುವ ಮಕ್ಕಳಿಗೆ ಬೇಕಿರುವುದು ಆ ಏರಿಕೆಯ ಅನುಭವವೇ.

ಗುಂಪಿನಲ್ಲಿ ಇಂಥ ಮಕ್ಕಳನ್ನು ಒಟ್ಟಿಗೆ ಹಿಂದೆ ಕೂರಿಸಬೇಡಿ. ಸ್ವರ ಗಟ್ಟಿ ಇರುವ ಇಬ್ಬರ ನಡುವೆ ಒಬ್ಬರನ್ನು ಕೂರಿಸಿ. ಜೋರಾಗಿ ಹಾಡಿ ಎನ್ನಬೇಡಿ. ಜೋರಾದಷ್ಟೂ ಪಕ್ಕದವರ ದನಿ ಕೇಳಿಸುವುದಿಲ್ಲ, ಸ್ವರ ಇನ್ನಷ್ಟು ಜಾರುತ್ತದೆ. ಒಂದು ಮಗು ಎರಡು ಮೂರು ತಿಂಗಳಾದರೂ ಅಲುಗಾಡದಿದ್ದರೆ, ಹೆಸರು ಹಿಡಿದು ಹಿಂದಿನಿಂದ ಮೆಲ್ಲಗೆ ಕರೆದಾಗ ತಿರುಗುತ್ತದೆಯೇ ನೋಡಿ. ಪದೇ ಪದೇ ಕಿವಿ ಸೋರುವ ಮಕ್ಕಳಲ್ಲಿ ಕೇಳುವ ಶಕ್ತಿಯೇ ತಗ್ಗಿರಬಹುದು. ಮನೆಯವರಿಗೆ ಹೇಳಿ ಕಿವಿ ತೋರಿಸಿ.

ಪ್ರಶ್ನೆ: ಎಂಟನೇ ತರಗತಿಯ ಹುಡುಗರು ಹೋದ ವರ್ಷ ಚೆನ್ನಾಗಿ ಹಾಡುತ್ತಿದ್ದರು. ಈಗ ದನಿ ಒಡೆಯುತ್ತದೆ, ನಗುತ್ತಾರೆ, ಹಾಡುವುದಿಲ್ಲ. – ಹಿರಿಯೂರಿನ ಓದುಗರು

ಹನ್ನೆರಡರಿಂದ ಹದಿನೈದರ ನಡುವೆ ಗಂಟಲಿನ ತಂತುಗಳು ಉದ್ದವಾಗಿ ದಪ್ಪವಾಗುತ್ತವೆ. ದನಿ ಸುಮಾರು ಒಂದು ಸಪ್ತಕ ಕೆಳಕ್ಕೆ ಇಳಿಯುತ್ತದೆ. ನಡುವಿನ ಆ ತಿಂಗಳುಗಳಲ್ಲಿ ಹುಡುಗನ ಕೈಗೆ ಸಿಗುವುದು ಐದಾರು ಸ್ವರ ಮಾತ್ರ, ಅವೂ ವಾರದಿಂದ ವಾರಕ್ಕೆ ಜಾಗ ಬದಲಿಸುತ್ತವೆ. ಇದನ್ನು ಅವರಿಗೆ ಬಿಡಿಸಿ ಹೇಳಿದರೆ ಅರ್ಧ ಸಂಕೋಚ ಹೋಗುತ್ತದೆ. ಹಾಡು ಪೂರ್ತಿ ಬಿಡಿಸಬೇಡಿ, ಹಳೆಯ ಶ್ರುತಿಯಲ್ಲಿ ಒತ್ತಾಯವಾಗಿ ಹಾಡಿಸಲೂ ಬೇಡಿ. ಅವರಿಗೆ ಪಲ್ಲವಿಯ ಕೆಳಗಿನ ಸಾಲು, ಷಡ್ಜ ಹಿಡಿಯುವುದು, ದಮ್ಮಡಿ, ತಾಳ, ಕೋಲಾಟದ ಲಯ ಕೊಡಿ. ಒಬ್ಬೊಬ್ಬರಾಗಿ ಹಾಡಿಸುವ ಪರೀಕ್ಷೆಯನ್ನು ಆ ವರ್ಷ ಕೈಬಿಡಿ.

ಪ್ರಶ್ನೆ: ಕೆಲಸದ ಸಂದರ್ಶನದಲ್ಲಿ ಹತ್ತು ನಿಮಿಷದ ಮಾದರಿ ಪಾಠ ಮಾಡಬೇಕಂತೆ. ಯಾವ ರಾಗ ತಯಾರು ಮಾಡಿಕೊಳ್ಳಲಿ? – ಹೊಸದುರ್ಗದ ಓದುಗರು

ರಾಗದ ಚಿಂತೆ ಆಮೇಲೆ. ಅಲ್ಲಿ ಕೂತವರಲ್ಲಿ ಸಂಗೀತ ಬಲ್ಲವರು ಒಬ್ಬರಿದ್ದರೆ ಹೆಚ್ಚು. ಉಳಿದವರು ನೋಡುವುದು ಮಕ್ಕಳು ಏನು ಮಾಡಿದರು ಎಂಬುದನ್ನು. ಹತ್ತು ನಿಮಿಷದಲ್ಲಿ ಆರು ನಿಮಿಷ ಮಕ್ಕಳ ದನಿ ಕೇಳಿಸಬೇಕು. ನಿಮ್ಮ ಆಲಾಪನೆಗೆ ಅರ್ಧ ನಿಮಿಷ ಸಾಕು.

ನಾಲ್ಕು ಸಾಲಿನ ಒಂದು ಹಾಡು ಆರಿಸಿ, ಮೋಹನ ಅಥವಾ ಭೂಪದಂಥ ಐದು ಸ್ವರದ ರಾಗದ್ದಾದರೆ ಒಳ್ಳೆಯದು. ಮಧ್ಯಮ, ನಿಷಾದ ಇಲ್ಲದ್ದರಿಂದ ಅರ್ಧ ಸ್ವರದ ತೊಡಕಿಲ್ಲ, ಮಕ್ಕಳು ಬೇಗ ಹಿಡಿಯುತ್ತಾರೆ. ಶ್ರುತಿ ಕೊಡಿ, ಹಾಡಿ ತೋರಿಸಿ, ಎರಡು ಸಾಲು ಹೇಳಿಸಿ, ಒಂದು ತಪ್ಪು ಹಿಡಿದು ತಿದ್ದಿ, ಮತ್ತೆ ಹೇಳಿಸಿ. ತಪ್ಪು ಹಿಡಿದು ತಿದ್ದುವ ಆ ಒಂದು ನಿಮಿಷವೇ ನಿಮ್ಮನ್ನು ಉಳಿದ ಅಭ್ಯರ್ಥಿಗಳಿಂದ ಬೇರೆ ಮಾಡುತ್ತದೆ. ಎದುರಿಗೆ ಮಕ್ಕಳಿಲ್ಲದೆ ಸಮಿತಿಯವರೇ ಕೂತಿದ್ದರೆ ಅವರಿಂದಲೇ ಹೇಳಿಸಿ, ಅಂಜಬೇಡಿ. ಒಂದು ಪುಟದ ಪಾಠಯೋಜನೆ ಬರೆದು ಮೂರು ಪ್ರತಿ ಒಯ್ಯಿರಿ: ತರಗತಿ, ಷಡ್ಜ ಯಾವ ಮನೆ, ತಾಳ, ಹಾಡಿನ ವ್ಯಾಪ್ತಿ, ಎಲ್ಲಿ ತಪ್ಪು ಬರಬಹುದು. ಕೇಂದ್ರೀಯ ವಿದ್ಯಾಲಯಕ್ಕಾದರೆ ಇದನ್ನೇ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಹೇಳುವ ಅಭ್ಯಾಸ ಬೇಕು. ಕನ್ನಡದಲ್ಲಿ ಲೀಲಾಜಾಲವಾಗಿ ಕಲಿಸುವ ನಮ್ಮ ಕಡೆಯವರು ಅಲ್ಲಿ ತಡವರಿಸುವುದು ಮಾತಿಗೆ, ಸಂಗೀತಕ್ಕಲ್ಲ.

ಪ್ರಶ್ನೆ: ಪ್ರತಿಭಾ ಕಾರಂಜಿಗೆ ಜಾನಪದ ಗೀತೆ ಬೇಕು. ಎಲ್ಲ ಶಾಲೆಯವರೂ ಅದೇ ನಾಲ್ಕು ಕ್ಯಾಸೆಟ್ ಹಾಡು ಹಾಡುತ್ತಾರೆ. ನಮ್ಮೂರಿನ ಪದಗಳನ್ನು ಕಲಿಸುವುದು ಹೇಗೆ? – ಮೊಳಕಾಲ್ಮೂರಿನ ಓದುಗರು

ಈ ಪತ್ರ ನಮಗೆ ಬಹಳ ಸಂತೋಷ ಕೊಟ್ಟಿತು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ, ನಾಡೋಜ ಗೌರವ ಪಡೆದ ಹಾಡುಗಾರ್ತಿ, ನಿಮ್ಮ ಸೀಮೆಯವರೇ. ಬೀಸುವ ಪದ, ಸೋಬಾನೆ, ಕೋಲಾಟದ ಪದ ಬಲ್ಲ ಅಜ್ಜಿಯರು ಹಟ್ಟಿಗಳಲ್ಲಿ ಇನ್ನೂ ಇದ್ದಾರೆ.

ಮೊದಲು ಅಜ್ಜಿಯ ಒಪ್ಪಿಗೆ ಕೇಳಿ, ಫೋನಿನಲ್ಲಿ ಪೂರ್ತಿ ಪದ ಮುದ್ರಿಸಿಕೊಳ್ಳಿ. ಕೆಲವು ಪದಗಳು ಮದುವೆಗೆ, ಸಾವಿಗೆ, ದೇವರ ಹಬ್ಬಕ್ಕೆ ಮಾತ್ರ ಸಲ್ಲುವಂಥವು. ಸ್ಪರ್ಧೆಗೆ ಹಾಡಬಹುದೇ ಎಂದು ಅವರನ್ನೇ ಕೇಳಿ. ಹಾಡಿದವರ ಹೆಸರು, ಊರು, ದಿನ ಬರೆದಿಡಿ. ಆಮೇಲೆ ಮಾತು ಬರೆದುಕೊಳ್ಳಿ, ಅವರು ಉಚ್ಚರಿಸಿದ ಹಾಗೆಯೇ. 'ಹೋಗ್ಯಾಳೆ' ಎಂದದ್ದನ್ನು 'ಹೋಗಿದ್ದಾಳೆ' ಎಂದು ತಿದ್ದಿದರೆ ಮಾತ್ರೆ ಹೆಚ್ಚುತ್ತದೆ, ಲಯ ಮುರಿಯುತ್ತದೆ.

ಸ್ವರ ಹಾಕುವಾಗ ರಾಗದ ಹೆಸರು ಹುಡುಕಲು ಹೋಗಬೇಡಿ. ನಾಲ್ಕೈದು ಸ್ವರದೊಳಗೇ ತಿರುಗುವ ಪದಕ್ಕೆ ರಾಗದ ಹೆಸರಿಟ್ಟ ಮರುಗಳಿಗೆಯೇ ಅದರಲ್ಲಿಲ್ಲದ ಸ್ವರಗಳನ್ನು ಸೇರಿಸುವ ಆಸೆ ಬರುತ್ತದೆ. ಷಡ್ಜ ಗುರುತಿಸಿ, ಯಾವ ಸ್ವರಗಳು ಬರುತ್ತವೆಯೋ ಅಷ್ಟನ್ನು ಬರೆಯಿರಿ. ಬೀಸುವ ಪದದಲ್ಲಿ ಕಲ್ಲು ತಿರುಗುವ ಒಂದು ಸುತ್ತೇ ತಾಳ; ಅದು ಕೆಲವೆಡೆ ಉದ್ದ, ಕೆಲವೆಡೆ ಗಿಡ್ಡ. ಅದನ್ನು ಎಳೆದು ಎಂಟು ಮಾತ್ರೆಗೆ ಕೂರಿಸಿ ಕೀಬೋರ್ಡಿನ ಬೀಟು ಹಾಕಿದರೆ ಅಜ್ಜಿಯ ಪದ ಉಳಿಯುವುದಿಲ್ಲ. ಆದಷ್ಟೂ ಅಜ್ಜಿಯನ್ನೇ ಒಂದು ದಿನ ಶಾಲೆಗೆ ಕರೆಸಿ ಮಕ್ಕಳಿಗೆ ಹೇಳಿಸಿ. ಹಾಗೆ ಕಲಿತ ಮಕ್ಕಳು ಉಸಿರು ತೆಗೆದುಕೊಳ್ಳುವ ಜಾಗವನ್ನೂ ಅವರಿಂದಲೇ ಕಲಿಯುತ್ತಾರೆ.

ಪ್ರಶ್ನೆ: ದಿನಕ್ಕೆ ಆರು ಪಿರಿಯಡ್ ಹಾಡಿಸಿ ಸಂಜೆಗೆ ಗಂಟಲು ಕಟ್ಟುತ್ತದೆ. ಸ್ವಂತ ಸಾಧನೆ ನಿಂತೇಹೋಗಿದೆ. – ಹೊಳಲ್ಕೆರೆಯ ಓದುಗರು

ಗಂಟಲು ಕೆಡುವುದು ಹಾಡಿದ್ದಕ್ಕಲ್ಲ, ಗದ್ದಲದ ಮೇಲೆ ಕೂಗಿ ಮಾತಾಡಿದ್ದಕ್ಕೆ. ಮಕ್ಕಳನ್ನು ಸುಮ್ಮನಾಗಿಸಲು ಮಾತು ಬಳಸಬೇಡಿ. ಒಂದು ತಾಳದ ಬಡಿತ ಗೊತ್ತುಮಾಡಿ, ನೀವು ತಟ್ಟಿದರೆ ಅವರೂ ತಟ್ಟಿ ನಿಲ್ಲಿಸಬೇಕು. ಬೆಂಚಿನ ಮೇಲೆ ನೀರಿನ ಬಾಟಲಿ ಇರಲಿ, ಪ್ರತಿ ಪಿರಿಯಡ್ಡಿನಲ್ಲೂ ನಾಲ್ಕು ಗುಟುಕು. ಪದೇ ಪದೇ ಕ್ಯಾಕರಿಸುವುದು, ಪಿಸುದನಿಯಲ್ಲಿ ಮಾತಾಡುವುದು ಎರಡೂ ತಂತುಗಳಿಗೆ ಒಳ್ಳೆಯದಲ್ಲ. ಮೂರು ವಾರ ಕಳೆದರೂ ದನಿ ತೆರೆಯದಿದ್ದರೆ ಕಷಾಯ ಕುಡಿಯುತ್ತ ಕೂರದೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿ. ತಂತುಗಳ ಮೇಲೆ ಗಂಟು ಎದ್ದಿದ್ದರೆ ಬೇಗ ಗೊತ್ತಾದಷ್ಟೂ ವಿಶ್ರಾಂತಿ ಮತ್ತು ಧ್ವನಿ ಚಿಕಿತ್ಸೆಯಲ್ಲೇ ವಾಸಿಯಾಗುವ ಸಂಭವ ಹೆಚ್ಚು.

ಸ್ವಂತ ಸಾಧನೆಗೆ ಸಂಜೆ ಬೇಡ, ಬೆಳಗ್ಗೆ ಇಪ್ಪತ್ತು ನಿಮಿಷ ಸಾಕು: ಹತ್ತು ನಿಮಿಷ ಮಂದ್ರದಲ್ಲಿ ನಿಧಾನ ಸ್ವರ, ಹತ್ತು ನಿಮಿಷ ನಿಮ್ಮ ಮುಂದಿನ ಪರೀಕ್ಷೆಯ ಪಾಠ. ಭಾನುವಾರ ಗುರುಗಳ ಮನೆ ತಪ್ಪಿಸಬೇಡಿ.